ಡಿಗ್ರಿಗೆ ಹಾಕಿದ ದುಡ್ಡು ಮರಳಿ ಬರುತ್ತದೆಯೇ? ಪಾಲಕರೂ ವಿದ್ಯಾರ್ಥಿಗಳೂ ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿ ಫಲಿತಾಂಶ ಬಂದ ದಿನದಿಂದ ಕಾಲೇಜುಗಳ ಪ್ರವೇಶ ಮುಗಿಯುವವರೆಗೆ ಜಮಖಂಡಿ, ಮುಧೋಳ, ಅಥಣಿ, ಗೋಕಾಕ, ಇಂಡಿ ಕಡೆಯ ಮನೆಗಳಿಂದ ಮಾತಿನಲ್ಲಿಯೂ ಪತ್ರದಲ್ಲಿಯೂ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ನಾನು ಪದವಿಪೂರ್ವ ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಕಲಿಸುವವನಾದ್ದರಿಂದ ಉತ್ತರಗಳಲ್ಲಿ ಉಪದೇಶಕ್ಕಿಂತ ಲೆಕ್ಕ ಹೆಚ್ಚು. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿದ್ದೇನೆ. ಉದಾಹರಣೆಗೆಂದು ಹಿಡಿದ ಮೊತ್ತಗಳ ಜಾಗದಲ್ಲಿ ನಿಮ್ಮ ಮನೆಯ ಅಂಕಿ ಹಾಕಿ ನೋಡಿಕೊಳ್ಳಬೇಕು.

## ಮೊದಲ ಪ್ರಶ್ನೆಗಳು

ಡಿಗ್ರಿ ಮಾಡಿಸಿದ್ರ ಹಾಕಿದ ರೊಕ್ಕ ವಾಪಸ್ ಬರತೈತೇನ್ರಿ?

ಯಾವ ಡಿಗ್ರಿ ಎಂದು ಕೇಳುವಷ್ಟೇ ಗಂಭೀರವಾಗಿ, ಅದಕ್ಕೆ ಯಾವ ದುಡ್ಡು ತರುತ್ತೀರಿ ಎಂದೂ ಕೇಳಿಕೊಳ್ಳಬೇಕು. ಊರಿನಿಂದ ಬಸ್ಸಿನಲ್ಲಿ ಹೋಗಿಬರಬಹುದಾದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಎ., ಬಿ.ಕಾಂ., ಬಿ.ಎಸ್ಸಿ. ಓದಿಸಿದರೆ ಹಣ ಮರಳಿ ಬರುತ್ತದೆ ಎಂದು ಹೆಚ್ಚು ಯೋಚಿಸದೆ ಹೇಳಬಲ್ಲೆ. ಅಲ್ಲಿ ಹಾಕುವ ಹಣವೇ ಅಷ್ಟು ಕಡಿಮೆ. ಸರ್ಕಾರಿ ಕೋಟಾದಲ್ಲಿ ಸಿಕ್ಕ ಎಂಜಿನಿಯರಿಂಗ್, ನರ್ಸಿಂಗ್, ತೋಟಗಾರಿಕೆ ಸೀಟಿಗೆ ಬ್ಯಾಂಕಿನ ಸಾಲ ಮಾಡಿದರೂ, ಮಗ ಅಥವಾ ಮಗಳು ಯಾವ ವಿಷಯದಲ್ಲೂ ಫೇಲಾಗದೆ ಹೊರಬಂದರೆ, ಸಾಮಾನ್ಯವಾಗಿ ನಷ್ಟವಾಗುವುದಿಲ್ಲ. ಅದೇ ಓದಿಗೆ ಮ್ಯಾನೇಜ್‌ಮೆಂಟ್ ಸೀಟು ಹಿಡಿದು, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯ ಸಾಲ ತಂದರೆ, ಮೊದಲ ಹತ್ತು ವರ್ಷ ದುಡಿದದ್ದೆಲ್ಲ ಸಾಲಕ್ಕೇ ಹೋಗುವುದು ಹೆಚ್ಚು.

ಇನ್ನೊಂದು ಮಾತು. ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಸೇರಿದ ಸರ್ಕಾರಿ ಕಾಲೇಜಿನಲ್ಲಿ ಓದಿದರೂ, ಅದಕ್ಕೇ ಸೇರಿದ ಖಾಸಗಿ ಕಾಲೇಜಿನಲ್ಲಿ ಓದಿದರೂ ಅಂಕಪಟ್ಟಿಯ ಮೇಲೆ ಬೀಳುವ ಮುದ್ರೆ ಒಂದೇ. ಖಾಸಗಿ ಕಾಲೇಜಿನ ಹೆಚ್ಚಿನ ಫೀ ಯಾವುದಕ್ಕೆ ಎಂದು ಆ ಕಾಲೇಜಿನವರನ್ನೇ ಕೇಳಿ. ಕಟ್ಟಡ ತೋರಿಸಿದರೆ ಇನ್ನೊಮ್ಮೆ ಕೇಳಿ.

ಖರ್ಚು ಅಂದ್ರ ಫೀ ಅಷ್ಟ ಅಲ್ಲೇನ್ರಿ?

ಅಲ್ಲ. ಫೀ, ರೂಮಿನ ಬಾಡಿಗೆ, ಮೆಸ್ಸು, ಬಸ್ಸು, ಪುಸ್ತಕ, ಲ್ಯಾಪ್‌ಟಾಪು ಇವೆಲ್ಲ ಕಣ್ಣಿಗೆ ಕಾಣುವ ಖರ್ಚು. ಓದುವ ಮೂರು ವರ್ಷ ದುಡಿಯದೆ ಉಳಿದದ್ದು ಕಾಣದ ಖರ್ಚು. ತಿಂಗಳಿಗೆ 12,000 ರೂಪಾಯಿಯ ಕೆಲಸ ಕೈಯಲ್ಲಿದ್ದೂ ಬಿಟ್ಟು ಕಾಲೇಜಿಗೆ ಹೋದವನು ಮೂರು ವರ್ಷದಲ್ಲಿ 4,32,000 ರೂಪಾಯಿ ಬಿಟ್ಟುಕೊಟ್ಟಂತೆ. ಸರ್ಕಾರಿ ಕಾಲೇಜಿನ ಮೂರು ವರ್ಷದ ಫೀ ಇದರ ಮುಂದೆ ಏನೂ ಅಲ್ಲ. ಆದರೆ ಆ ಕೆಲಸ ನಿಜವಾಗಿಯೂ ಸಿಗುತ್ತಿತ್ತೇ ಎಂದು ನೋಡಬೇಕು. ಕಾಲೇಜಿಗೆ ಹೋಗದಿದ್ದರೆ ಮನೆಯಲ್ಲೇ ಇರುತ್ತಿದ್ದ ಹುಡುಗನ ವಿಷಯದಲ್ಲಿ ಈ ನಾಲ್ಕು ಲಕ್ಷವನ್ನು ಖರ್ಚಿಗೆ ಸೇರಿಸುವುದು ತಪ್ಪು. ಹಾಗೆಯೇ ಊಟದ ಪೂರ್ತಿ ಖರ್ಚನ್ನೂ ಓದಿನ ಲೆಕ್ಕಕ್ಕೆ ಬರೆಯಬಾರದು, ಮನೆಯಲ್ಲಿದ್ದರೂ ಅವನು ಉಣ್ಣಲೇಬೇಕು. ಮನೆಯೂಟಕ್ಕಿಂತ ಮೆಸ್ಸಿನಲ್ಲಿ ಎಷ್ಟು ಹೆಚ್ಚು ಬೀಳುತ್ತದೆಯೋ ಅಷ್ಟನ್ನು ಮಾತ್ರ ಬರೆಯಿರಿ.

ಡಿಗ್ರಿ ಈಗ ಮೂರು ವರ್ಷದ್ದೋ, ನಾಲ್ಕು ವರ್ಷದ್ದೋ?

ಮೂರು. 2021–22ರಲ್ಲಿ ಕರ್ನಾಟಕದಲ್ಲಿ ಬಂದ ನಾಲ್ಕು ವರ್ಷದ ಪದ್ಧತಿಯನ್ನು ರಾಜ್ಯ ಸರ್ಕಾರ 2024–25ರಿಂದ ಕೈಬಿಟ್ಟಿದೆ. ಎಂಜಿನಿಯರಿಂಗ್ ಮೊದಲಿನಂತೆ ನಾಲ್ಕು ವರ್ಷ.

ಡಿಗ್ರಿ ಆದವ್ರು ಖಾಲಿ ಕುಂತಾರ, ಎಸ್ಸೆಸ್ಸೆಲ್ಸಿ ಫೇಲಾದವ್ರು ದುಡಿಯಾಕತ್ತಾರ. ಮತ್ತ ಯಾಕ ಓದಬೇಕ್ರಿ?

ನೀವು ನೋಡಿದ್ದು ಸುಳ್ಳಲ್ಲ. ಕೇಂದ್ರ ಸರ್ಕಾರದ ಕಾರ್ಮಿಕ ಸಮೀಕ್ಷೆಯಂತೆ 2022–23ರಲ್ಲಿ ಹದಿನೈದು ವರ್ಷ ದಾಟಿದವರ ಒಟ್ಟಾರೆ ನಿರುದ್ಯೋಗ ಶೇ. 3.2 ಇದ್ದಾಗ ಪದವೀಧರರಲ್ಲಿ ಅದು ಶೇ. 13.4 ಇತ್ತು. ರಾಜ್ಯ ಸರ್ಕಾರವೂ ಪಾಸಾಗಿ ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ಎರಡು ವರ್ಷದವರೆಗೆ ತಿಂಗಳಿಗೆ 3,000 ರೂಪಾಯಿಯ ಯುವನಿಧಿ ಕೊಡಲು ಹೊರಟಿದ್ದು ಈ ಸಮಸ್ಯೆ ಇದೆ ಎಂದೇ.

ಈ ಅಂಕಿಯನ್ನು ಓದುವಾಗ ಒಂದು ಸಂಗತಿ ಮರೆಯಬಾರದು. ಓದದವನಿಗೆ ಖಾಲಿ ಕೂರುವ ಅನುಕೂಲ ಇರುವುದಿಲ್ಲ. ಸಿಕ್ಕಿದ ಕೂಲಿಗೆ ಅಂದೇ ಹೋಗುತ್ತಾನೆ, ಸಮೀಕ್ಷೆಯವರು ಅವನನ್ನು ದುಡಿಯುವವರ ಪಟ್ಟಿಗೆ ಸೇರಿಸುತ್ತಾರೆ. ಪದವೀಧರ ತನಗೆ ತಕ್ಕ ಕೆಲಸ ಸಿಗಲೆಂದು ಕಾಯುತ್ತಾನೆ, ಮನೆಯವರು ಅವನನ್ನು ಅಷ್ಟು ದಿನ ಸಾಕುತ್ತಾರೆ. ಆದ್ದರಿಂದ ಇಪ್ಪತ್ತೆರಡನೇ ವಯಸ್ಸಿನಲ್ಲಿ ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ ತೀರ್ಮಾನ ಮಾಡುವುದು ಸರಿಯಲ್ಲ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಲ್ಲಿ ಮರಳಿನ ಅಚ್ಚು ಕಟ್ಟುವ ಹುಡುಗ ಓವರ್‌ಟೈಮ್ ಸೇರಿಸಿ ಅದೇ ವಯಸ್ಸಿನ ಬಿ.ಕಾಂ. ಹುಡುಗನಿಗಿಂತ ಹೆಚ್ಚು ಪಗಾರ ಎಣಿಸುವುದುಂಟು. ಆದರೆ ಕುಲುಮೆಯ ಕಾವು, ಮರಳಿನ ದೂಳು, ಬಗ್ಗಿ ಎತ್ತುವ ಭಾರ ಇವು ನಲವತ್ತರ ಹೊತ್ತಿಗೆ ಸೊಂಟಕ್ಕೂ ಎದೆಗೂ ಬರುತ್ತವೆ, ಆಗ ಅವನನ್ನು ಮೇಜಿನ ಕೆಲಸಕ್ಕೆ ಬದಲಿಸಲು ಕಂಪನಿಯವರು ಕೇಳುವುದು ಕಾಗದವನ್ನೇ. ಅವನ ಮೇಲೆ ಸೂಪರ್‌ವೈಸರ್ ಆಗಿ ಬರುವವನು ಡಿಪ್ಲೊಮಾ ಅಥವಾ ಬಿ.ಇ. ಮುಗಿಸಿದವನಾಗಿರುತ್ತಾನೆ. ಡಿಗ್ರಿಯ ಲಾಭ ಬರುವುದಾದರೆ ಹೀಗೆ ತಡವಾಗಿ ಬರುತ್ತದೆ, ಅಲ್ಲಿಯವರೆಗೆ ತಡೆದುಕೊಳ್ಳುವ ಶಕ್ತಿ ಮನೆಗೆ ಇದೆಯೇ ಎನ್ನುವುದೇ ನಿಜವಾದ ಲೆಕ್ಕ.

ಹೆಣ್ಣಹುಡುಗಿ ಡಿಗ್ರಿಗೆ ಯಾಕ ಖರ್ಚು ಮಾಡೂದ್ರಿ, ಲಗ್ನಕ್ಕ ಬೇಕಲ್ರಿ ಆ ರೊಕ್ಕ?

ಖರ್ಚು ಎಷ್ಟು ಎಂದು ಮೊದಲು ಎಣಿಸಿ. ಸರ್ಕಾರಿ ಪದವಿ ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕದ ವಿನಾಯಿತಿ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾರಿಗೆ ಸಂಸ್ಥೆಯ ಬಸ್ಸೂ ಉಚಿತ. ಉಳಿಯುವುದು ಪರೀಕ್ಷಾ ಶುಲ್ಕ, ಪುಸ್ತಕ, ಒಂದಿಷ್ಟು ಕೈಖರ್ಚು. ಮೂರು ವರ್ಷಕ್ಕೆ ಆಗುವ ಆ ಮೊತ್ತ ಲಗ್ನದ ಮಂಟಪದ ಅಲಂಕಾರಕ್ಕೂ ಸಾಲದು. ವಿಜಯಪುರದಲ್ಲಿ 2003ರಿಂದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವೇ ಇದೆ, ಮುಂದೆ ಎಂ.ಎ., ಎಂ.ಕಾಂ. ಬೇಕೆಂದರೂ ಬೆಂಗಳೂರಿಗೆ ಹೋಗಬೇಕಿಲ್ಲ. ಮಗನಿಗೆ ಖಾಸಗಿ ಕಾಲೇಜಿನ ಲಕ್ಷಗಟ್ಟಲೆ ಫೀ ಕಟ್ಟಿ, ಮಗಳ ಬಸ್‌ಪಾಸಿನ ಲೆಕ್ಕ ಕೇಳುವ ಮನೆಗಳನ್ನು ಪ್ರತಿ ವರ್ಷ ನೋಡುತ್ತೇನೆ.

## ದುಡ್ಡು ಹೊಂದಿಸುವ ಪ್ರಶ್ನೆಗಳು

ಫೀ ಕಟ್ಟೂದು ಜುಲೈದಾಗ, ಕಬ್ಬಿನ ಬಿಲ್ ಬರೂದು ಜನವರಿಗೆ. ನಡುವ ಏನ್ ಮಾಡೂದ್ರಿ?

ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ನಮ್ಮ ಮೂರೂ ಜಿಲ್ಲೆಗಳಲ್ಲಿ ಡಿಗ್ರಿ ದುಬಾರಿಯಾಗುವುದು ಬಹಳ ಸಲ ಈ ಆರು ತಿಂಗಳಲ್ಲಿ. ಕಾಲೇಜಿನವರು ಫೀ ಕೇಳುವಾಗ ಕಬ್ಬು ಇನ್ನೂ ಹೊಲದಲ್ಲಿ ನಿಂತಿರುತ್ತದೆ. ಕಾರ್ಖಾನೆ ಶುರುವಾಗಿ, ಕಟಾವಿನ ಪಾಳಿ ಬಂದು, ಬಿಲ್ಲು ಖಾತೆಗೆ ಬೀಳಬೇಕು. ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ; ಹಾಗೆ ಬಂದ ವರ್ಷ ಎಷ್ಟು ಎಂದು ರೈತರನ್ನೇ ಕೇಳಬೇಕು. ಹಾಗಾಗಿ ಜುಲೈ ತಿಂಗಳಲ್ಲಿ ಊರಿನ ಸಾಹುಕಾರನ ಕಡೆಗೆ ಹೋಗುತ್ತಾರೆ.

ನೂರಕ್ಕೆ ಮೂರು ಎಂದರೆ ಕೇಳಲು ಸಣ್ಣದು. ಒಂದು ಲಕ್ಷಕ್ಕೆ ತಿಂಗಳಿಗೆ 3,000, ಆರು ತಿಂಗಳಿಗೆ 18,000. ಬಿಲ್ಲು ಮಾರ್ಚಿಗೆ ಹೋದರೆ 24,000. ವರ್ಷದ ಲೆಕ್ಕದಲ್ಲಿ ಇದು ಶೇ. 36ರ ಬಡ್ಡಿ. ನಾಲ್ಕು ವರ್ಷದ ಕೋರ್ಸಿಗೆ ಪ್ರತಿ ಜುಲೈಯಲ್ಲಿ ಹೀಗೆ ಮಾಡಿದವರು ಬರೀ ನಡುವಿನ ತಿಂಗಳುಗಳಿಗೆ 72,000 ರೂಪಾಯಿಗೂ ಹೆಚ್ಚು ಕಟ್ಟಿರುತ್ತಾರೆ, ಆದರೆ ಮನೆಯಲ್ಲಿ ಯಾರೂ ಅದನ್ನು ಓದಿನ ಖರ್ಚು ಎಂದು ಬರೆದಿಟ್ಟಿರುವುದಿಲ್ಲ.

ಮಾಡಬಹುದಾದದ್ದು ಇಷ್ಟು. ಮೊದಲು ಪ್ರಾಂಶುಪಾಲರಿಗೆ ಬರಹದಲ್ಲಿ ಅರ್ಜಿ ಕೊಟ್ಟು ಎರಡು ಕಂತು ಕೇಳಿ. ಬಾಯಿಮಾತಿಗೆ ಇಲ್ಲ ಎನ್ನುವವರು ಅರ್ಜಿಗೆ ಒಪ್ಪುವುದುಂಟು. ಆಗದಿದ್ದರೆ ಮನೆಯ ಬಂಗಾರವನ್ನು ಬ್ಯಾಂಕಿನಲ್ಲಿ ಒತ್ತೆ ಇಡಿ: ವರ್ಷಕ್ಕೆ ಶೇ. 10ರ ಸಾಲವೆಂದು ಹಿಡಿದರೆ ಲಕ್ಷಕ್ಕೆ ಆರು ತಿಂಗಳಿಗೆ 5,000 ರೂಪಾಯಿ ಬಡ್ಡಿ, ಸಾಹುಕಾರನ 18,000ದ ಮೂರನೇ ಒಂದು ಪಾಲೂ ಅಲ್ಲ. ಪ್ರಾಥಮಿಕ ಕೃಷಿ ಪತ್ತಿನ ಸಂಘದ ಶೂನ್ಯ ಬಡ್ಡಿಯ ಬೆಳೆಸಾಲವನ್ನು ಫೀಗೆ ತಿರುಗಿಸುವುದು ನಮ್ಮ ಕಡೆ ನಡೆಯುವ ಮಾತು. ಅದು ಗೊಬ್ಬರಕ್ಕೆ ಕೊಟ್ಟ ಹಣ, ಜೊತೆಗೆ ಗಡುವಿನಲ್ಲಿ ಕಟ್ಟದಿದ್ದರೆ ಬಡ್ಡಿಯ ರಿಯಾಯಿತಿ ಹೋಗುತ್ತದೆ. ನಾನು ಬೇಡ ಎನ್ನುತ್ತೇನೆ.

ಬ್ಯಾಂಕಿನ ಶಿಕ್ಷಣ ಸಾಲಕ್ಕ ಹೊಲದ ಉತಾರಾ ಇಡಬೇಕೇನ್ರಿ?

ನಾಲ್ಕು ಲಕ್ಷದವರೆಗೆ ಉತಾರಾ (ಪಹಣಿ) ಸೇರಿ ಏನನ್ನೂ ಇಡಬೇಕಿಲ್ಲ, ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕಿನ ಸೂಚನೆಯೇ ಇದೆ. ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಂತೆ ನಾಲ್ಕರಿಂದ ಏಳೂವರೆ ಲಕ್ಷದವರೆಗೆ ಜಾಮೀನುದಾರ ಸಾಕು, ಅದರ ಮೇಲೆ ಆಸ್ತಿಯ ಭದ್ರತೆ ಕೇಳುತ್ತಾರೆ. 2024ರ ನವೆಂಬರಿನಲ್ಲಿ ಒಪ್ಪಿಗೆ ಸಿಕ್ಕ ಪ್ರಧಾನಮಂತ್ರಿ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಉನ್ನತ ಸಂಸ್ಥೆಗಳಿಗೆ ಸೇರಿದವರಿಗೆ ಆಸ್ತಿಯೂ ಬೇಡ, ಜಾಮೀನೂ ಬೇಡ; ನಿಮ್ಮ ಕಾಲೇಜು ಆ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಿಕೊಳ್ಳಿ. ಅಲ್ಪಸಂಖ್ಯಾತರ ನಿಗಮ ಮತ್ತು ದೇವರಾಜ ಅರಸು ಹಿಂದುಳಿದ ವರ್ಗಗಳ ನಿಗಮದ ಅರಿವು ಸಾಲ ಶೇ. 2ರ ಬಡ್ಡಿಯದ್ದು, ಸಿಇಟಿಯಂಥ ಪರೀಕ್ಷೆಯಿಂದ ವೃತ್ತಿಪರ ಕೋರ್ಸಿಗೆ ಸೇರಿದವರು ಅದನ್ನು ಬಿಡಬಾರದು.

ಶಾಖೆಯಲ್ಲಿ ಅರ್ಜಿ ನಿಲ್ಲುವುದು ಹೆಚ್ಚಾಗಿ ತಂದೆಯ ಹಳೆಯ ಸಾಲದಿಂದ. ಟ್ರ್ಯಾಕ್ಟರ್ ಸಾಲವನ್ನು, ಬ್ಯಾಂಕು ಒಪ್ಪಿದ ಕಡಿಮೆ ಮೊತ್ತ ಒಮ್ಮೆಗೇ ಕಟ್ಟಿ, ಒನ್‌ಟೈಮ್ ಸೆಟಲ್‌ಮೆಂಟಿನಲ್ಲಿ ಮುಗಿಸಿದ್ದರೆ ಮನೆಯವರ ದೃಷ್ಟಿಯಲ್ಲಿ ಅದು ಮುಗಿದ ಕಥೆ, ಸಾಲಗಾರರ ಹಳೆಯ ದಾಖಲೆ ತೋರಿಸುವ ಸಿಬಿಲ್ ವರದಿಯಲ್ಲಿ ಅಲ್ಲ. ಹಾಗಿದ್ದರೆ ಸಹಸಾಲಗಾರರಾಗಿ ತಾಯಿಯ ಹೆಸರನ್ನು ಕೊಡಬಹುದೇ ಎಂದು ಮೊದಲೇ ಮ್ಯಾನೇಜರರನ್ನು ವಿಚಾರಿಸಿ. ಅರ್ಜಿಯನ್ನು ವಿದ್ಯಾಲಕ್ಷ್ಮಿ ಪೋರ್ಟಲ್ ಮೂಲಕ ಹಾಕಿದರೆ ತಿರಸ್ಕಾರಕ್ಕೂ ದಾಖಲೆ ಇರುತ್ತದೆ.

ಆರು ಲಕ್ಷ ಸಾಲ ತೆಗೆದುಕೊಂಡರೆ ಮುಂದೆ ತಿಂಗಳಿಗೆ ಎಷ್ಟು ಕಟ್ಟಬೇಕಾಗುತ್ತದೆ?

ಎಂಜಿನಿಯರಿಂಗಿಗೆ ವರ್ಷಕ್ಕೆ ಒಂದೂವರೆ ಲಕ್ಷದಂತೆ ನಾಲ್ಕು ಸಲ ಸಾಲ ಬಿಡುಗಡೆಯಾಗುತ್ತದೆ, ಬಡ್ಡಿ ಶೇ. 10 ಎಂದಿಟ್ಟುಕೊಳ್ಳೋಣ. ಓದುವ ನಾಲ್ಕು ವರ್ಷ ಮತ್ತು ಅದರ ಮೇಲೆ ಒಂದು ವರ್ಷ ಕಂತು ಕಟ್ಟಬೇಕಿಲ್ಲ, ಆದರೆ ಸರಳ ಬಡ್ಡಿ ಓಡುತ್ತಿರುತ್ತದೆ. ಮೊದಲ ಒಂದೂವರೆ ಲಕ್ಷಕ್ಕೆ ಐದು ವರ್ಷದ ಬಡ್ಡಿ 75,000, ಎರಡನೆಯದಕ್ಕೆ 60,000, ಮೂರನೆಯದಕ್ಕೆ 45,000, ನಾಲ್ಕನೆಯದಕ್ಕೆ 30,000. ಕಂತು ಶುರುವಾಗುವ ದಿನ ಸಾಲ ಆರು ಲಕ್ಷವಲ್ಲ, 8,10,000. ಇದನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 10,704 ರೂಪಾಯಿ. ಹದಿನೈದು ವರ್ಷಕ್ಕೆ ಹಂಚಿದರೆ 8,704. ಮೊದಲ ಬಗೆಯಲ್ಲಿ ಒಟ್ಟು ಕಟ್ಟುವುದು 12.8 ಲಕ್ಷ, ಎರಡನೆಯದರಲ್ಲಿ 15.6 ಲಕ್ಷ ದಾಟುತ್ತದೆ.

ಈಗ ಪಗಾರದ ಕಡೆ ನೋಡೋಣ. ದೊಡ್ಡ ಐಟಿ ಸೇವಾ ಕಂಪನಿಗಳು ಹೊಸಬರಿಗೆ ಕೊಡುವ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನ ಸಂಬಳ ಬಹಳ ವರ್ಷಗಳಿಂದ ಹೆಚ್ಚು ಏರಿಲ್ಲ. ಕೈಗೆ ತಿಂಗಳಿಗೆ 25,000 ಬಂತು ಎನ್ನಿ. ಬೆಂಗಳೂರಿನ ಪಿಜಿ, ಮಧ್ಯಾಹ್ನದ ಊಟ, ಬಸ್ಸು, ಫೋನು ಸೇರಿ 14,000 ಹಿಡಿದರೆ 11,000 ಉಳಿಯುತ್ತದೆ. ಕಂತು ಕಟ್ಟಿದ ಮೇಲೆ ಉಳಿಯುವುದು 296 ರೂಪಾಯಿ. ಇದು ಕೆಲಸ ಸಿಕ್ಕವನ ಲೆಕ್ಕ. ಊರಿಗೆ ಕಳಿಸುವ ಹಣ, ಜಾತ್ರೆಗೆ ಬರುವ ಖರ್ಚು ಇದರಲ್ಲಿ ಸೇರಿಲ್ಲ.

ಕಂತನ್ನು ಇಳಿಸಲು ಒಳ್ಳೆಯ ದಾರಿ ಓದುವಾಗಲೇ ಬಡ್ಡಿ ಕಟ್ಟುತ್ತ ಹೋಗುವುದು. ಮೊದಲ ವರ್ಷ ತಿಂಗಳಿಗೆ 1,250, ಎರಡನೇ ವರ್ಷ 2,500, ಹೀಗೆ ಏರುತ್ತ ನಾಲ್ಕನೇ ವರ್ಷ 5,000. ಓದು ಮುಗಿದ ನಂತರದ ಒಂದು ವರ್ಷವೂ ಅಷ್ಟೇ. ಆಗ ಸಾಲ ಆರು ಲಕ್ಷದಲ್ಲೇ ನಿಂತು ಹತ್ತು ವರ್ಷದ ಕಂತು 7,929ಕ್ಕೆ ಇಳಿಯುತ್ತದೆ. ಡೇರಿಗೆ ಹಾಲು ಹಾಕುವ ಮನೆಗೆ ಇದು ಆಗದ ಮಾತಲ್ಲ. ಕುಟುಂಬದ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದು, ಮಾನ್ಯತೆ ಪಡೆದ ಸಂಸ್ಥೆಯಲ್ಲಿ ವೃತ್ತಿಪರ ಕೋರ್ಸು ಓದುತ್ತಿದ್ದರೆ ಈ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆ ಇದೆ. ಸಾಲ ಕೊಡುವಾಗಲೇ ಅದಕ್ಕೆ ಅರ್ಜಿ ಹಾಕಿಸಿ. ಶಿಕ್ಷಣ ಸಾಲದ ಬಡ್ಡಿಗೆ ಸಿಗುವ ಆದಾಯ ತೆರಿಗೆಯ 80ಇ ವಿನಾಯಿತಿಯ ಬಗ್ಗೆಯೂ ಕೇಳುತ್ತಾರೆ. ಅದು ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ, ಮೂರೂವರೆ ಲಕ್ಷದ ಪಗಾರದವನಿಗೆ ತೆರಿಗೆಯೇ ಬೀಳದ್ದರಿಂದ ಉಪಯೋಗವಿಲ್ಲ.

ಸ್ಕಾಲರ್‌ಶಿಪ್ ಬರತೈತಿ ಅಂತ ನಂಬಿ ಸೇರಸಬಹುದೇನ್ರಿ?

ಅರ್ಜಿ ತಪ್ಪದೆ ಹಾಕಿ, ಆದರೆ ಫೀ ಕಟ್ಟುವ ಲೆಕ್ಕದಲ್ಲಿ ಅದನ್ನು ಹಿಡಿಯಬೇಡಿ. ಹಣ ಬರುವುದು ತಡವಾಗಿ, ಕೆಲವು ಸಲ ಮುಂದಿನ ವರ್ಷಕ್ಕೆ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ಲಿನಲ್ಲಿ ಹಾಕುವ ಅರ್ಜಿಗೆ ನಾಡಕಚೇರಿಯ ಜಾತಿ–ಆದಾಯ ಪ್ರಮಾಣಪತ್ರ ಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗದೆ ಹಣ ಮರಳಿ ಹೋಗುವುದೇ ಹೆಚ್ಚಿನ ದೂರು, ಆದ್ದರಿಂದ ಜೂನ್ ತಿಂಗಳಲ್ಲೇ ಬ್ಯಾಂಕಿಗೆ ಹೋಗಿ ಖಚಿತಪಡಿಸಿಕೊಳ್ಳಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆಯಲ್ಲಿ ಹತ್ತು ತಿಂಗಳು ಊಟ–ವಸತಿಯ ನೆರವು ಸಿಗುತ್ತದೆ. 2021ರಲ್ಲಿ ಬಂದ ರೈತ ವಿದ್ಯಾನಿಧಿಯಲ್ಲಿ ಬಿ.ಎ., ಬಿ.ಕಾಂ. ಓದುವ ಹುಡುಗರಿಗೆ 5,000, ಹುಡುಗಿಯರಿಗೆ 5,500 ಎಂದು ಗೊತ್ತುಮಾಡಿದ್ದರು. ಈ ವರ್ಷ ಯಾರಿಗೆ ಅನ್ವಯ ಎಂದು ವಿಚಾರಿಸಿ.

ಹೆಚ್ಚಿನವರಿಗೆ ತಿಳಿಯದ ಒಂದು ದಾರಿ ಎಂಜಿನಿಯರಿಂಗ್ ಕಾಲೇಜುಗಳ ಸೂಪರ್‌ನ್ಯೂಮರರಿ ಕೋಟಾ, ಅಂದರೆ ಮಂಜೂರಾದ ಸೀಟುಗಳ ಮೇಲೆ ಹೆಚ್ಚುವರಿಯಾಗಿ ಕೊಡುವ ಸೀಟು. ಕುಟುಂಬದ ಆದಾಯ ಎಂಟು ಲಕ್ಷದೊಳಗಿದ್ದವರಿಗೆ ಸಿಇಟಿ ರ್‍ಯಾಂಕಿನ ಮೇಲೆ ಕೊಡುವ ಈ ಸೀಟುಗಳಿಗೆ ಬೋಧನಾ ಶುಲ್ಕವೇ ಇಲ್ಲ. ಆಪ್ಷನ್ ಎಂಟ್ರಿ (ಬೇಕಾದ ಕಾಲೇಜುಗಳ ಆಯ್ಕೆ ತುಂಬುವುದು) ಮಾಡುವ ಮೊದಲು ಅರ್ಜಿಯಲ್ಲಿ ಆದಾಯದ ವಿವರ ಸರಿಯಾಗಿ ತುಂಬಿರಬೇಕು.

ಎಕರೆ ಹೊಲಾ ಮಾರಿ ಓದಸ್ಲೇನ್ರಿ?

ನೀರಾವರಿ ಎಕರೆಯಲ್ಲಿ 40 ಟನ್ ಕಬ್ಬು, ಟನ್ನಿಗೆ 3,000 ಎಂದು ಹಿಡಿದರೆ 1,20,000. ಬೀಜ, ಗೊಬ್ಬರ, ಆಳು ಕಳೆದು ಅರ್ಧ ಉಳಿಯಿತೆನ್ನಿ, 60,000. ಅಂದರೆ ಆ ಎಕರೆ ತಿಂಗಳಿಗೆ 5,000 ರೂಪಾಯಿ ಕೊಡುತ್ತಿದೆ, ಮುಂದೆಯೂ ಕೊಡುತ್ತದೆ, ಅದರ ಬೆಲೆಯೂ ಏರುತ್ತದೆ. ಬ್ಯಾಂಕಿನ ಕಂತು ಹತ್ತು ವರ್ಷಕ್ಕೆ ತೀರುತ್ತದೆ. ಮಾರಿದ ಹೊಲದ ಈ ಐದು ಸಾವಿರ ಎಂದಿಗೂ ಬರುವುದಿಲ್ಲ. ಬ್ಯಾಂಕಿನ ಸಾಲ ಸಿಗುವಂತಿದ್ದರೆ ಹೊಲ ಮಾರುವುದು ಬೇಡ ಎಂದೇ ನನ್ನ ಮಾತು. ಇದಲ್ಲದೆ ಪಿತ್ರಾರ್ಜಿತ ಹೊಲದಲ್ಲಿ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಸಮಪಾಲು ಇದೆ. ಅಣ್ಣನ ಓದಿಗೆ ಹೊಲ ಮಾರುವಾಗ ತಂಗಿಯ ಪಾಲನ್ನೂ ಮಾರುತ್ತಿದ್ದೀರಿ ಎನ್ನುವುದು ಸಹಿಗೆ ಕರೆಯುವ ದಿನ ಮಾತ್ರ ನೆನಪಾಗಬಾರದು.

## ಕೋರ್ಸು ಮತ್ತು ಕಾಲೇಜಿನ ಪ್ರಶ್ನೆಗಳು

ಸಿಇಟಿಯಲ್ಲಿ ಬೇಕಾದ ಕಾಲೇಜು ಸಿಗಲಿಲ್ಲ. ಮ್ಯಾನೇಜ್‌ಮೆಂಟ್ ಸೀಟು ತೆಗೆದುಕೊಳ್ಳಬಹುದೇ?

ತೆಗೆದುಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳಬೇಕು. ಆ ವಿಭಾಗದಲ್ಲಿ ಹೋದ ವರ್ಷ ಎಷ್ಟು ವಿದ್ಯಾರ್ಥಿಗಳಿದ್ದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಪಗಾರದ ಸಾಲಿನಲ್ಲಿ ನಡುವೆ ನಿಲ್ಲುವವನ ಪಗಾರ ಎಷ್ಟು? ಕಾಲೇಜಿನವರು ಹೇಳುವುದು ಅತಿ ಹೆಚ್ಚು ಪಗಾರದವನ ಹೆಸರನ್ನು. ಆ ಒಬ್ಬನ ಫೋಟೊ ಬಸ್‌ಸ್ಟ್ಯಾಂಡಿನ ಬ್ಯಾನರಿನಲ್ಲಿ ಈಗಾಗಲೇ ಇರುತ್ತದೆ. ಬೆಳಗಾವಿಯಲ್ಲಿ ಕೇಂದ್ರ ಕಚೇರಿ ಇರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿ ಸಿಇಟಿಯಿಂದ ಬಂದವನೂ ಮ್ಯಾನೇಜ್‌ಮೆಂಟಿನಿಂದ ಬಂದವನೂ ಒಂದೇ ಬೆಂಚಿನಲ್ಲಿ ಕೂತು ಒಂದೇ ಪರೀಕ್ಷೆ ಬರೆಯುತ್ತಾರೆ, ಕಂಪನಿಯವರೂ ಸೀಟಿನ ಬಗೆ ಕೇಳುವುದಿಲ್ಲ. ಅಷ್ಟು ದೊಡ್ಡ ಹೆಸರಿಲ್ಲದ ಕಾಲೇಜಿನಲ್ಲಿ ಸಿಇಟಿ ಸೀಟು ಸಿಕ್ಕರೆ ನಾನು ಅದನ್ನೇ ಹಿಡಿಯಿರಿ ಎನ್ನುತ್ತೇನೆ.

ರಸೀದಿ ಇಲ್ಲದೆ ಕೊಡುವ ಹಣದ ವಿಷಯ ಬೇರೆ. 1984ರ ಕರ್ನಾಟಕದ ಕಾಯಿದೆ ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸಿದೆ. ಅಂಥ ಹಣಕ್ಕೆ ಬ್ಯಾಂಕು ಸಾಲ ಕೊಡುವುದಿಲ್ಲ, ಬಿಟ್ಟು ಬಂದರೆ ಮರಳಿ ಕೇಳಲು ಕಾಗದವೂ ಇರುವುದಿಲ್ಲ. ಒಕ್ಕಲುತನದ ಮನೆಯವರು ಇದಕ್ಕಿಂತ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ಸೀಟುಗಳಲ್ಲಿ ಕೃಷಿಕರ ಮಕ್ಕಳಿಗಿರುವ ಮೀಸಲಾತಿಯನ್ನು ವಿಚಾರಿಸುವುದು ಮೇಲು.

ಡಿಪ್ಲೊಮಾ ಮಾಡಿ ಆಮ್ಯಾಲ ಡಿಗ್ರಿಗೆ ಹೋದ್ರ ನಡೀತೈತೇನ್ರಿ?

ನಡೆಯುತ್ತದೆ. ಖರ್ಚಿನ ದೃಷ್ಟಿಯಿಂದ ನಮ್ಮ ಕಡೆಯ ಮಕ್ಕಳಿಗೆ ಇದು ಚೆನ್ನಾಗಿ ಒಪ್ಪುವ ದಾರಿ. ಎಸ್ಸೆಸ್ಸೆಲ್ಸಿ ಆದ ಮೇಲೆ ಮೂರು ವರ್ಷದ ಡಿಪ್ಲೊಮಾ, ನಂತರ ಡಿಸಿಇಟಿ (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಬರೆದು ಬಿ.ಇ. ಎರಡನೇ ವರ್ಷಕ್ಕೆ ನೇರ ಪ್ರವೇಶ. ನಡುವೆ ಹಣ ಮುಗಿದರೂ ಕೈಯಲ್ಲಿ ಒಂದು ಕಾಗದ ಇರುತ್ತದೆ, ಅದಕ್ಕೆ ಉದ್ಯಮಬಾಗದ ಹೈಡ್ರಾಲಿಕ್ಸ್ ಘಟಕಗಳಲ್ಲಿಯೂ, ಬಾಗಲಕೋಟೆಯ ಸಿಮೆಂಟು ಮತ್ತು ಸಕ್ಕರೆ ಕಾರ್ಖಾನೆಗಳಲ್ಲಿಯೂ ಕೆಲಸವಿದೆ. ಅಪ್ರೆಂಟಿಸ್ ಆಗಿ ಒಂದು ವರ್ಷ ಕಳೆದು, ಆಮೇಲೆ ಬಿ.ಇ.ಗೆ ಹೋದವರು ತರಗತಿಯಲ್ಲಿ ಬೇರೆಯೇ ಪ್ರಶ್ನೆ ಕೇಳುತ್ತಾರೆ.

ಕೆಲಸಾ ಮಾಡಕೋತ ದೂರಶಿಕ್ಷಣದಾಗ ಡಿಗ್ರಿ ಮಾಡಿದ್ರ ಕಿಮ್ಮತ್ತು ಇರತೈತೇನ್ರಿ?

ಮಾನ್ಯತೆ ಇದ್ದ ವಿಶ್ವವಿದ್ಯಾಲಯದ ದೂರಶಿಕ್ಷಣದ ಪದವಿ ರೆಗ್ಯುಲರ್ ಪದವಿಗೆ ಸಮ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರಲ್ಲಿ ಸ್ಪಷ್ಟಪಡಿಸಿದೆ. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ (ಇಗ್ನೋ) ಪ್ರಾದೇಶಿಕ ಕೇಂದ್ರ ವಿಜಯಪುರದಲ್ಲೇ ಇದೆ. ದುಡಿಮೆ ಬಿಡಬೇಕಿಲ್ಲದ ಕಾರಣ ಹಿಂದೆ ಹೇಳಿದ 4,32,000ದ ಕಾಣದ ಖರ್ಚು ಇಲ್ಲಿ ಬರುವುದೇ ಇಲ್ಲ. ಆದರೆ ಮಾನ್ಯತೆಯನ್ನು ಯುಜಿಸಿಯ ಪಟ್ಟಿಯಲ್ಲಿ ನೀವೇ ನೋಡಬೇಕು: ಗೋಕಾಕದ ವಿಳಾಸವಿದ್ದ ಒಂದು ಸಂಸ್ಥೆಯ ಹೆಸರು ವರ್ಷಗಟ್ಟಲೆ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿತ್ತು. ದುಡಿಯುವ ಹುಡುಗ ಅಸೈನ್‌ಮೆಂಟು ಬರೆಯದೆ ಬಿಡುವುದು ಈ ದಾರಿಯ ದೊಡ್ಡ ತೊಂದರೆ. ಮನೆಯಲ್ಲಿ ಯಾರಾದರೂ ಬೆನ್ನು ಹತ್ತಬೇಕು.

ಸರ್ಕಾರಿ ನೌಕರಿಗೆ ಡಿಗ್ರಿ ಬೇಕ ಬೇಕೇನ್ರಿ? ಬರೀ ಅದಕ್ಕಂತ ಓದಸಾಕತ್ತೇವಿ.

ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೂ ದ್ವಿತೀಯ ದರ್ಜೆ ಸಹಾಯಕರ ಹುದ್ದೆಗೂ ಪಿಯುಸಿ ಸಾಕು. ಪಿಎಸ್‌ಐ, ಪಿಡಿಒ, ಪ್ರಥಮ ದರ್ಜೆ ಸಹಾಯಕರು, ಕೆಎಎಸ್ ಮತ್ತು ಬ್ಯಾಂಕಿನ ಕ್ಲರ್ಕು ಇವಕ್ಕೆಲ್ಲ ಪದವಿ ಬೇಕು. ಯಾವ ವಿಷಯದ ಪದವಿ, ಯಾವ ಕಾಲೇಜಿನದು ಎಂದು ಈ ಪರೀಕ್ಷೆಗಳಲ್ಲಿ ಯಾರೂ ಕೇಳುವುದಿಲ್ಲ. ಇದಕ್ಕೆಂದೇ ಓದಿಸುವವರು ದುಬಾರಿ ಕಾಲೇಜಿಗೆ ಹಣ ಹಾಕುವುದು ವ್ಯರ್ಥ.

ಈ ದಾರಿಯ ಖರ್ಚು ಶುರುವಾಗುವುದು ಪದವಿ ಮುಗಿದ ಮೇಲೆ. ಧಾರವಾಡದಲ್ಲಿಯೋ ವಿಜಯಪುರದಲ್ಲಿಯೋ ರೂಮು, ಕೋಚಿಂಗು, ಲೈಬ್ರರಿಯ ತಿಂಗಳ ಬಾಡಿಗೆ, ಮೆಸ್ಸು. ತಿಂಗಳಿಗೆ 7,000 ಎಂದರೂ ಮೂರು ವರ್ಷಕ್ಕೆ 2,52,000, ಸರ್ಕಾರಿ ಕಾಲೇಜಿನ ಡಿಗ್ರಿಗಿಂತ ಎಷ್ಟೋ ಹೆಚ್ಚು. ಅಧಿಸೂಚನೆ ಯಾವಾಗ ಬರುತ್ತದೆ, ಪರೀಕ್ಷೆ ಯಾವಾಗ ಮುಂದಕ್ಕೆ ಹೋಗುತ್ತದೆ ಎನ್ನುವುದು ಕೋಚಿಂಗಿನವರ ಕೈಯಲ್ಲೂ ಇಲ್ಲ. ಇಷ್ಟು ಪ್ರಯತ್ನ ಅಥವಾ ಇಂಥ ವಯಸ್ಸಿನವರೆಗೆ ಎಂದು ರೂಮಿಗೆ ಹೋಗುವ ಮೊದಲೇ ಮನೆಯಲ್ಲಿ ಕೂತು ಮಾತಾಡಿಕೊಳ್ಳಿ. ಮೂರನೇ ವರ್ಷದಲ್ಲಿ ಆ ಮಾತು ತೆಗೆದರೆ ಜಗಳವಾಗುತ್ತದೆ.

## ನಡುವೆ ಸಿಕ್ಕಿಕೊಂಡವರ ಪ್ರಶ್ನೆಗಳು

ಸೇರಿದ ಮೇಲೆ ಬೇರೆ ಕಡೆ ಸೀಟು ಸಿಕ್ಕಿತು. ಕಟ್ಟಿದ ಫೀ ಮರಳಿ ಬರುತ್ತದೆಯೇ? ಮಾರ್ಕ್ಸ್ ಕಾರ್ಡ್ ಕೊಡುತ್ತಿಲ್ಲ.

ಯುಜಿಸಿಯ 2018ರ ನಿಯಮದಂತೆ, ಪ್ರವೇಶದ ಕೊನೆಯ ದಿನಕ್ಕೆ ಹದಿನೈದು ದಿನ ಅಥವಾ ಅದಕ್ಕೂ ಮುಂಚೆ ಬಿಟ್ಟರೆ ಅಲ್ಪ ಸಂಸ್ಕರಣಾ ಶುಲ್ಕ ಕಳೆದು ಪೂರ್ತಿ ಹಣ, ಅದರ ನಂತರ ಕೊನೆಯ ದಿನದವರೆಗೆ ಶೇ. 90, ಕೊನೆಯ ದಿನ ಕಳೆದು ಹದಿನೈದು ದಿನದೊಳಗೆ ಶೇ. 80, ಮೂವತ್ತು ದಿನದೊಳಗೆ ಶೇ. 50, ಆಮೇಲೆ ಏನೂ ಇಲ್ಲ. ಆದ್ದರಿಂದ ಬಿಡುವ ಅರ್ಜಿಯನ್ನು ಅದೇ ದಿನ ಕೊಟ್ಟು, ನಕಲಿನ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಬೇಕು. ಮೂಲ ಪ್ರಮಾಣಪತ್ರಗಳನ್ನು ಕಾಲೇಜು ಇಟ್ಟುಕೊಳ್ಳುವಂತಿಲ್ಲ, ನೋಡಿ ಹಿಂತಿರುಗಿಸಬೇಕು ಎಂದು ಅದೇ ನಿಯಮ ಹೇಳುತ್ತದೆ. ಸಿಇಟಿ ಸೀಟಿನ ಮರುಪಾವತಿಗೆ ಪರೀಕ್ಷಾ ಪ್ರಾಧಿಕಾರದ ನಿಯಮ ಬೇರೆ.

ಎಂಜಿನಿಯರಿಂಗ್ ಸೇರಿ ಎರಡು ವರ್ಷ ಆತ್ರಿ, ಐದು ವಿಷಯ ಉಳಿಸ್ಯಾನ, ರೊಕ್ಕಾನೂ ಮುಗದೈತಿ. ಹಾಕಿದ್ದು ಹಾಳಾಗತೈತಿ ಅಂತ ಓದಸ್ಲೋ, ಬಿಡಸ್ಲೋ?

ಹಾಕಿದ ಹಣ ಓದಿಸಿದರೂ ಬರುವುದಿಲ್ಲ, ಬಿಡಿಸಿದರೂ ಬರುವುದಿಲ್ಲ. ಅದನ್ನು ಲೆಕ್ಕದಿಂದ ತೆಗೆಯಿರಿ. ಈಗಿನಿಂದ ಮುಗಿಸಲು ಎಷ್ಟು ಬೇಕು, ಮುಗಿಸಿದರೆ ಪಗಾರದಲ್ಲಿ ಎಷ್ಟು ವ್ಯತ್ಯಾಸ ಎನ್ನುವುದನ್ನು ಮಾತ್ರ ನೋಡಬೇಕು. ಹಾಗೆ ನೋಡಿದರೆ ಎರಡು ವರ್ಷ ಕಳೆದವನಿಗೆ ಮುಗಿಸುವ ಖರ್ಚು ಅರ್ಧವಾಗಿರುತ್ತದೆ, ಲಾಭ ಪೂರ್ತಿ ಉಳಿದಿರುತ್ತದೆ. ಆದ್ದರಿಂದ ಹಣ ಒಂದೇ ಅಡ್ಡಿಯಾಗಿದ್ದರೆ ಬಿಡಿಸಬೇಡಿ. ಉಳಿದ ಎರಡು ವರ್ಷಕ್ಕೂ ಶಿಕ್ಷಣ ಸಾಲ ಸಿಗುತ್ತದೆ, ಮೊದಲ ವರ್ಷವೇ ಕೇಳಬೇಕೆಂದಿಲ್ಲ.

ಐದು ವಿಷಯದ ಮಾತು ಬೇರೆ. ಅವನನ್ನು ಬೈಯದೆ ಕೂರಿಸಿಕೊಂಡು ಯಾವ ವಿಷಯ, ಎಷ್ಟು ಅಂಕದಲ್ಲಿ ಹೋಯಿತು ಎಂದು ಅಂಕಪಟ್ಟಿ ನೋಡಿ. ಐದರಲ್ಲಿ ಮೂರು ಗಣಿತವಾಗಿದ್ದರೆ ಅದಕ್ಕೆ ಟ್ಯೂಷನ್ ಇದೆ. ಎಲ್ಲದರಲ್ಲೂ ಹತ್ತು ಹದಿನೈದು ಅಂಕ ಬಂದಿದ್ದರೆ ಹುಡುಗ ತರಗತಿಗೇ ಹೋಗುತ್ತಿಲ್ಲ ಎಂದು ಅರ್ಥ. ಆಗ ಮುಂದಿನ ಪರೀಕ್ಷೆಯವರೆಗೆ ಹೊಸ ಸಾಲ ಮಾಡದೆ, ಎರಡು ವಿಷಯವಾದರೂ ಪಾಸಾದರೆ ಮಾತ್ರ ಮುಂದಿನ ಫೀ ಎಂದು ಸ್ಪಷ್ಟವಾಗಿ ಹೇಳಿ. ಅದೂ ಆಗದಿದ್ದರೆ ಬಿ.ಎ. ಅಥವಾ ಬಿ.ಕಾಂ.ಗೆ ದೂರಶಿಕ್ಷಣದಲ್ಲಿ ಹೆಸರು ಹಚ್ಚಿ, ಕೆಲಸಕ್ಕೆ ಕಳಿಸಿ.